ಉಕ್ಕಲಿ ಬಿಡಿ ಎನ್ನುವ ಶಂಕರಿಯಕ್ಕ

ಶಂಕರಿಯಕ್ಕ ಹಿಂಡಿದ ಹಾಲನ್ನು ಯಾರೂ ಕುಡಿಯುವುದಿಲ್ಲ. ಯಾರೂ ಕುಡಿಯಬಾರದೆಂದೇ ಅವರು ಹಿಂಡುವುದು.

ಕಾಣಿಯೂರು ಪೇಟೆಯಿಂದ ತುಸು ಆಚೆ ಪೋಕರ್ ಬ್ಯಾರಿಗಳ ಮನೆ. ಪೇಟೆಯಲ್ಲಿ ಅವರದೊಂದು ಜೀನಸಿನ ಅಂಗಡಿ ಇದೆ. ಮನೆಯ ಹಿಂದಿನ ದನದ ಹಟ್ಟಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಧನು ತಿಂಗಳ ಚಳಿಗೆ ಊರು ಇನ್ನೂ ಕಂಬಳಿಯೊಳಗಿದೆ. ಪುತ್ತೂರಿಗೆ ಹೋಗುವ ಮೊದಲ ಬಸ್ಸಿನ ಹಾರ್ನು ಕೂಡ ಕೇಳಿಲ್ಲ. ಶಂಕರಿಯಕ್ಕ ಮಾತ್ರ ಆಗಲೇ ಬಂದು, ಹಿತ್ತಲಿನ ಒಲೆಗೆ ಬೆಂಕಿ ಮಾಡಿ, ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ದನದ ಕೆಚ್ಚಲಿಗೆ ಒತ್ತಿ ಹಿಡಿದು ಕುಳಿತಿದ್ದಾರೆ. ಹಣೆಯನ್ನು ದನದ ಪಕ್ಕೆಗೆ ಆನಿಸಿದ್ದಾರೆ. ಕಂದು ಬಣ್ಣದ ದನ, ಮೂರನೆಯ ಕರು ಹಾಕಿದ್ದು. ಹಿಂದಿನ ಎಡಮೊಲೆಯ ಭಾಗ ಬಾತು, ಕೆಂಪೇರಿ, ಮುಟ್ಟಿದರೆ ಬಿಸಿಲಿಗೆ ಕಾದ ಕಲ್ಲಿನ ಹಾಗಿದೆ.

"ಇಲ್ಲ ಇಲ್ಲ... ಆಯ್ತು, ಆಯ್ತು... ನಿನ್ನೆ ಒದ್ದದ್ದು ಸಾಕಲ್ಲ, ಇವತ್ತು ಬೇಡ ಮಾರಾಯ್ತಿ" ಎಂದು ಅದರ ಹತ್ತಿರ ಮೆಲ್ಲಗೆ ಮಾತಾಡುತ್ತಾರೆ. ನಿನ್ನೆ ಬಿದ್ದ ಒದೆಗೆ ಮೊಣಕಾಲು ಊದಿಕೊಂಡಿದೆ. ಅದರ ಬಗ್ಗೆ ಕೇಳಿದರೆ ದನದ ಪರವಾಗಿಯೇ ವಕಾಲತ್ತು. "ನೋವಾದ್ರೆ ಒದೆಯದೆ ಮತ್ತೆಂತ ಮಾಡುದು? ಅದಕ್ಕೆ ಬಾಯಿ ಉಂಟಾ ಹೇಳ್ಲಿಕ್ಕೆ?"

ಬೆರಳು ಒತ್ತಿದಾಗ ಮೊದಲು ಬರುವುದು ಹಾಲಲ್ಲ. ಒಡೆದ ಮಜ್ಜಿಗೆಯ ಹಾಗೆ ಗಡ್ಡೆಗಡ್ಡೆ, ಅದರ ಹಿಂದೆ ಹಳದಿ ನೀರು, ನಡುವೆ ಒಂದೆರಡು ಎಳೆ ರಕ್ತ. ಶಂಕರಿಯಕ್ಕ ಅದನ್ನು ತಮ್ಮದೇ ಪಾತ್ರೆಗೆ ಹಿಂಡುತ್ತಾರೆ. ಹೊರಮೈಗೆಲ್ಲ ಡಾಮರು ಬಳಿದ ಹಳೆಯ ಅಲ್ಯೂಮಿನಿಯಂ ಪಾತ್ರೆ ಅದು. ಅಷ್ಟು ವಿಕಾರವಾದದ್ದನ್ನು ಯಾವ ಹೆಂಗಸೂ ತಪ್ಪಿಯೂ ಅಡುಗೆಮನೆಯೊಳಗೆ ಇಡಲಾರಳು ಎಂಬುದೇ ಆ ಡಾಮರಿನ ಗುಟ್ಟು. ಬಾತ ಮೊಲೆ ಬರಿದಾಗುವವರೆಗೆ ಹಿಂಡಿ, ಪಾತ್ರೆ ಎತ್ತಿಕೊಂಡು ಹಿತ್ತಲಿನ ಮೂಲೆಗೆ ಹೋಗುತ್ತಾರೆ. ಅಲ್ಲಿ ಅವರೇ ತೋಡಿದ ಗುಂಡಿ ಇದೆ. ಹಾಲನ್ನು ಅದಕ್ಕೆ ಸುರಿದು, ನಾಯಿ ಬೆಕ್ಕು ಮೂಸದ ಹಾಗೆ ಮೇಲೆ ಬೂದಿ ಹಾಕಿ ಮುಚ್ಚುತ್ತಾರೆ.

ಆ ಹೊತ್ತಿಗೆ ಸರಿಯಾಗಿ ಮನೆಯೊಡತಿ ನೆಬೀಸಮ್ಮ ಮುಖ ತಿರುಗಿಸಿ ಒಳಗೆ ಹೋಗುತ್ತಾರೆ. ಹಾಲು ಮಣ್ಣಿಗೆ ಬೀಳುವುದನ್ನು ನೋಡಲು ಅವರಿಂದ ಆಗುವುದಿಲ್ಲ. ಒಳಗಿನಿಂದ ಎಳೆಮಗುವಿನ ಅಳು ಕೇಳುತ್ತಿದೆ. ನೆಬೀಸಮ್ಮನ ಮಗಳು ಮುನೀರಾ ಹೆರಿಗೆಗೆಂದು ತವರಿಗೆ ಬಂದವಳು, ಹೆತ್ತ ಮೇಲೆ ಜ್ವರ ಹಿಡಿದು ಮಲಗಿದ್ದಾಳೆ. ಎದೆಯಲ್ಲಿ ಹಾಲು ನಿಂತುಹೋಗಿದೆ. ಆ ಮಗುವಿನ ಹೊಟ್ಟೆಗೆ ಇರುವ ಆಸರೆ ಇದೊಂದೇ ದನ. ದನದ ಕೆಚ್ಚಲಿಗೆ ಈಗ ಬಾವು.

ಎಲ್ಲ ಊರಿನಲ್ಲೂ ಹಾಲು ಕರೆಯುವವರಿದ್ದಾರೆ, ಹಾಲು ಮಾರುವವರಿದ್ದಾರೆ, ಹಾಲಿಗೆ ನೀರು ಬೆರೆಸುವವರಂತೂ ಧಾರಾಳವಾಗಿದ್ದಾರೆ. ಕೆಟ್ಟ ಹಾಲನ್ನು ಹಿಂಡಿ ಚೆಲ್ಲುವುದನ್ನೇ ಕಸುಬು ಮಾಡಿಕೊಂಡವರು ಈ ಕಡೆಯಲ್ಲಿ ಶಂಕರಿಯಕ್ಕ ಒಬ್ಬರೇ ಇರಬೇಕು. ಕೆಚ್ಚಲು ಬಾವು ಬಂದ ದನವನ್ನು ಹಿಂಡದೆ ಬಿಟ್ಟರೆ ಒಳಗೇ ಕೀವಾಗಿ ಮೊಲೆ ಸಾಯುತ್ತದೆ. ಹಿಂಡಲು ಹೋದರೆ ದನ ಹತ್ತಿರ ಸೇರಿಸುವುದಿಲ್ಲ. ಹೇಗೋ ಹಿಂಡಿದರೂ ಹಾಲನ್ನು ಚೆಲ್ಲಲು ಮನೆಯವರ ಕೈ ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತ ದಿನಕ್ಕೆ ಮೂರು ನಾಲ್ಕು ಸಲ ಶಂಕರಿಯಕ್ಕ ಬರಬೇಕು. ಗುತ್ತಿಗಾರಿನ ಕಡೆಯವರು ಬಂದು ಕರೆದದ್ದುಂಟು. ಅಲ್ಲಿ ಸಂಜೆಯಾದ ಮೇಲೆ ಆನೆಯ ಹೆದರಿಕೆ, ಆದ್ದರಿಂದ ದನ ಗುಣವಾಗುವವರೆಗೆ ಅವರ ಹಟ್ಟಿಯಲ್ಲೇ ಮಲಗಿ ಬಂದರು. ಮಂಡೆಕೋಲಿನಲ್ಲಿ ಒಬ್ಬರು ಮನೆಯ ಮಗಳ ಹಾಗೆ ನೋಡಿಕೊಂಡರಂತೆ. ಸಿಗುವುದು ಊಟ, ಒಂದಿಷ್ಟು ಅಕ್ಕಿ, ಎಲೆಯಡಿಕೆ. ಎಲೆಯಡಿಕೆ ಇದ್ದರೆ ಉಳಿದದ್ದಕ್ಕೆ ಅವರು ತಕರಾರು ಮಾಡುವವರಲ್ಲ.

ಇಷ್ಟೆಲ್ಲ ಮಾಡಿದ್ದಕ್ಕೆ ಊರಿನವರ ಬಾಯಲ್ಲಿ ಅವರಿಗೆ ಸಿಕ್ಕ ಹೆಸರು ಕೇಳಿದರೆ ಯಾರಿಗಾದರೂ ಸಿಟ್ಟು ಬರಬೇಕು. ಚೆಲ್ಲಿದ ಹಾಗೆ ಮಾಡಿ ಹೋಟೆಲಿಗೆ ಕೊಡುತ್ತಾಳಂತೆ ಎಂದು ಒಬ್ಬರು. ಮನೆಗೆ ಒಯ್ದು ಬೆಣ್ಣೆ ತೆಗೆಯುತ್ತಾಳಂತೆ ಎಂದು ಇನ್ನೊಬ್ಬರು. ಕೀವಿನ ಹಾಲಿನಿಂದ ಬೆಣ್ಣೆ ತೆಗೆಯುವ ವಿದ್ಯೆ ಈ ಮಹನೀಯರಿಗೆ ಎಲ್ಲಿ ತಿಳಿಯಿತೋ ಗೊತ್ತಿಲ್ಲ. ಹಾಲು ಚೆಲ್ಲುವ ಕೈ ಅಪಶಕುನ ಎಂದು, ಮದುವೆ ಮುಂಜಿಗೆ ಅವರನ್ನು ಕರೆಯದ ಮನೆಗಳೂ ಇವೆ. ಆ ಮನೆಗಳ ದನಕ್ಕೆ ಬಾವು ಬಂದಾಗ ಮಾತ್ರ ಶಕುನ ಯಾರಿಗೂ ನೆನಪಾಗುವುದಿಲ್ಲ.

"ಹೇಳ್ಲಿ ಮಾರಾಯ್ರೆ. ಹಾಲು ಚೆಲ್ಲಿದ ಪಾಪ ನನ್ನ ತಲೆ ಮೇಲಿರ್ಲಿ. ಅವರ ತಲೆಗೆ ಬೇಡ ಅಂತಲೇ ಅಲ್ವಾ ನಾನು ಹೋಗುದು?" ಎನ್ನುತ್ತಾರೆ ಶಂಕರಿಯಕ್ಕ. ಅವರ ಮನೆಯಲ್ಲಿ ದನವೂ ಇಲ್ಲ, ಹಾಲೂ ಇಲ್ಲ. ಗಂಡ ಕಿಟ್ಟಣ್ಣ ಮರ ಕೊಯ್ಯುವ ಕೆಲಸಕ್ಕೆ ಹೋಗುತ್ತಾರೆ. ಇಬ್ಬರೂ ಕುಡಿಯುವುದು ಹಾಲಿಲ್ಲದ ಕಪ್ಪು ಕಾಫಿ.

ದನ ಇಲ್ಲದ ಮನೆಯೇನೂ ಆಗಿರಲಿಲ್ಲ ಅದು. ಚೀನಾದವರ ಗಲಾಟೆ ಆದ ವರ್ಷದವರೆಗೆ ಅವರ ಹಟ್ಟಿಯಲ್ಲಿ ಬೊಳ್ಳಿ ಎಂಬ ಬಿಳಿ ದನ ಇತ್ತು. ಅಂಗಳದಲ್ಲಿ ಪ್ರೇಮಾವತಿ ಎಂಬ ಮಗಳಿದ್ದಳು. ಆಗಷ್ಟೇ ಓಡಲು ಕಲಿತವಳು, ನಡೆಯುವುದೆಂದರೇನೆಂದು ಮರೆತವಳು. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಮಗು. ಬೊಳ್ಳಿಯನ್ನು ಕರೆಯುವಾಗ ತೆಂಗಿನ ಗೆರಟೆ ಹಿಡಿದು ಹತ್ತಿರ ಬಂದು ಕೂರುತ್ತಿದ್ದಳು. ಮೊದಲ ನೊರೆ ಅವಳ ಗೆರಟೆಗೆ. ನೊರೆಹಾಲು ಮಕ್ಕಳಿಗೆ ಬಲ ಎಂದು ಎಲ್ಲರೂ ಹೇಳುತ್ತಿದ್ದರು. ಶಂಕರಿಯಕ್ಕನೂ ಹಾಗೆಯೇ ಕುಡಿದು ಬೆಳೆದವರು.

ಆ ವರ್ಷ ಬೊಳ್ಳಿಗೆ ಕೆಚ್ಚಲು ಬಾವು ಬಂತು. ಪುತ್ತೂರಿನಿಂದ ದನದ ಡಾಕ್ಟ್ರು ಬಂದು ಪೆನ್ಸಿಲಿನ್ ಟ್ಯೂಬು ಕೊಟ್ಟರು. ಮೊಲೆಯ ತುದಿಯಿಂದ ಒಳಗೆ ಒತ್ತುವ ಮದ್ದು ಅದು. ಆಗ ಈ ಕಡೆಗೆ ಹೊಸದು. ದಿನವೂ ಹಾಕಿ, ಪೂರ್ತಿ ಮುಗಿಸಿ ಎಂದು ಹೇಳಿಹೋದರು. ಎರಡು ಸಲ ಒತ್ತುವಷ್ಟರಲ್ಲಿ ಬಾವು ಇಳಿಯಿತು. ದೇವರೇ ಬಂದ ಹಾಗಾಯಿತು ಇಬ್ಬರಿಗೂ. ಅಂಥ ಮದ್ದನ್ನು ವಾಸಿಯಾದ ಮೊಲೆಗೆ ಯಾರಾದರೂ ದಂಡ ಮಾಡುತ್ತಾರೆಯೇ? ಕಿಟ್ಟಣ್ಣ ಉಳಿದದ್ದನ್ನು ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ, ಗೋಡೆಯ ಗೂಡಿನಲ್ಲಿ ಜೋಪಾನವಾಗಿ ಇಟ್ಟರು. ಮುಂದೆ ಬಾವು ಬಂದರೆ ಬೇಕಾಗುತ್ತದಲ್ಲ.

ಬಾವು ಮತ್ತೆ ಬಂತು. ಉಳಿಸಿದ ಮದ್ದು ಹಾಕಿದರು, ತುಸು ಇಳಿಯಿತು. ಮತ್ತೊಮ್ಮೆ ಬಂತು. ಹೊಸ ಟ್ಯೂಬು ತಂದರು, ಅರ್ಧ ಹಾಕಿ ಅರ್ಧ ಇಟ್ಟರು. ಆಮೇಲೆ ಮದ್ದು ಹಿಡಿಯುವುದೇ ನಿಂತುಹೋಯಿತು. ಬಾತದ್ದು ಒಂದೇ ಮೊಲೆಯಾದ್ದರಿಂದ ಉಳಿದ ಮೂರರ ಹಾಲನ್ನು ಮನೆಗೆ ಬಳಸುತ್ತಲೇ ಇದ್ದರು. ಪ್ರೇಮಾವತಿಯ ಗೆರಟೆ ಯಾವತ್ತೂ ಖಾಲಿ ಇರಲಿಲ್ಲ.

ಒಂದು ದಿನ ಮಗುವಿಗೆ ಜ್ವರ ಬಂತು, ಭೇದಿ ಹಿಡಿಯಿತು. ಪುತ್ತೂರಿಗೆ ಎತ್ತಿಕೊಂಡು ಓಡಿದರು. ಅಲ್ಲಿನ ಡಾಕ್ಟ್ರು ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ. ಮದ್ದು ಕೊಟ್ಟು, "ಹಸಿ ಹಾಲು ಕೊಡಬೇಡಿ ತಾಯಿ. ಚೆನ್ನಾಗಿ ಕಾಯಿಸಿ ಕೊಡಿ" ಎಂದರು.

ಈ ಒಂದು ಮಾತು ಶಂಕರಿಯಕ್ಕನ ಕಿವಿಯಿಂದ ಇವತ್ತಿಗೂ ಇಳಿದಿಲ್ಲ. ಘಟ್ಟದ ಮೇಲಿನವರು ಹಾಲು ಕಾಯಿಸುವುದು ಎಂದರೆ ಹಾಲು ಕುದಿದು ಮೇಲೇರಬೇಕು. ಶಂಕರಿಯಕ್ಕನಿಗೆ ಗೊತ್ತಿದ್ದದ್ದು ಕಾಸುವುದು. ಮೀಯಲಿಕ್ಕೆ ನೀರು ಕಾಸುತ್ತಾರಲ್ಲ, ಅದು. ಕೈಗೆ ಬಿಸಿ ಹತ್ತಿದರೆ ಕಾಸಿದ ಹಾಗಾಯಿತು. ಮನೆಗೆ ಬಂದು ಅವರು ಡಾಕ್ಟ್ರ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರು. ಹೊತ್ತು ಹೊತ್ತಿಗೆ ಹಾಲು ಕಾಸಿದರು. ಆವಿ ಏಳುವ ಮೊದಲೇ ಇಳಿಸಿ, ಹದ ನೋಡಿ, ಮಗುವಿಗೆ ಕುಡಿಸಿದರು.

ಅದಕ್ಕಿಂತ ಹೆಚ್ಚು ಬಿಸಿ ಮಾಡಲು ಅವರಿಗೆ ಧೈರ್ಯವೂ ಇರಲಿಲ್ಲ. ಹಾಲು ಉಕ್ಕಿ ಒಲೆಗೆ ಬಿದ್ದರೆ ಕರೆದ ದನದ ಕೆಚ್ಚಲು ಸುಡುತ್ತದೆ ಎಂದು ಈ ಕಡೆ ಅನೇಕರು ನಂಬುತ್ತಾರೆ. ಹಿಂದೂಗಳ ಮನೆ, ಬ್ಯಾರಿಗಳ ಮನೆ ಎಂಬ ಭೇದ ಈ ಹೆದರಿಕೆಗೆ ಇಲ್ಲ. ಗಟ್ಟಿಮುಟ್ಟಾದ ದನವಾದರೆ ಹೇಗೋ ಏನೋ. ಬೊಳ್ಳಿಯ ಕೆಚ್ಚಲು ಮೊದಲೇ ಹಣ್ಣಾಗಿತ್ತು. ಆ ಸಂಕಟದ ಪ್ರಾಣಿಯ ಹಾಲನ್ನು ಬೆಂಕಿಗೆ ಬೀಳಿಸುವಷ್ಟು ಕಲ್ಲು ಮನಸ್ಸು ಅವರದಾಗಿರಲಿಲ್ಲ. ಕುದಿಸಲೇಬೇಕಾಗಿದ್ದ, ಕುದಿಸಿದರೂ ಕೊಡಬಾರದಾಗಿದ್ದ ಹಾಲು ಅದು. ದನದ ಮೇಲಿನ ಕನಿಕರಕ್ಕೆ ಅದನ್ನೇ ಅವರು ಬೆಚ್ಚಗೆ ಮಾಡಿ ಕೊಟ್ಟರು.

ಮಗುವಿನ ಮೈಮೇಲೆ ಕುರುಗಳೆದ್ದವು. ಮತ್ತೆ ಪುತ್ತೂರು. ಈ ಸಲ ಪೆನ್ಸಿಲಿನ್ ಸೂಜಿ. ಹೊತ್ತಿಗೆ ಸರಿಯಾಗಿ ಚುಚ್ಚಿದರೂ ಜ್ವರ ಇಳಿಯಲಿಲ್ಲ. ಡಾಕ್ಟ್ರು ಮಂಚದ ಬದಿಯಲ್ಲಿ ಕುಳಿತು ಒಂದೊಂದೇ ಕೇಳಿದರು.

"ಹಾಲು ಕಾಯಿಸಿದಿರಾ ತಾಯಿ?"

"ದಿನಾಲೂ ಕಾಸಿದ್ದೇನೆ ಡಾಕ್ಟ್ರೇ."

"ಎಷ್ಟು ಹೊತ್ತು ಕುದಿಯಿತು?"

"ಕುದಿಸ್ಲಿಲ್ಲ. ಕಾಸಿದ್ದು."

ಡಾಕ್ಟ್ರು ಮುಖ ಕೆಳಗೆ ಹಾಕಿದರು. ಆಮೇಲೆ ದನಕ್ಕೆ ಏನಾದರೂ ಮದ್ದು ಮಾಡಿದ್ದಿರಾ ಎಂದು ವಿಚಾರಿಸಿದರು. ಕಿಟ್ಟಣ್ಣ ಟ್ಯೂಬಿನ ಕತೆ ಹೇಳಿದರು, ಉಳಿಸಿಟ್ಟದ್ದನ್ನೂ ಹೇಳಿದರು. ಖಂಡಿತವಾಗಿ ಇದರಿಂದಲೇ ಎನ್ನಲು ನನ್ನಿಂದಾಗದು, ಆದರೆ ಅರ್ಧಂಬರ್ಧ ಮದ್ದಿನಲ್ಲಿ ಬದುಕಿ ಉಳಿದ ಹುಳ ಆ ಮದ್ದಿಗೆ ಪಳಗಿಬಿಡುತ್ತದೆ, ಆಮೇಲೆ ಅದು ದನದೊಳಗಿದ್ದರೂ ಅಷ್ಟೆ, ಮಗುವಿನೊಳಗೆ ಹೊಕ್ಕರೂ ಅಷ್ಟೆ, ಈ ಮದ್ದಿಗೆ ಬಗ್ಗುವುದಿಲ್ಲ ಎಂದರು ಡಾಕ್ಟ್ರು. ಮಂಗಳೂರಿನಿಂದ ಬೇರೆ ಮದ್ದು ತರಿಸಲು ಬಸ್ಸಿನಲ್ಲಿ ಜನ ಕಳಿಸಿದರು. ಮದ್ದು ಬಂತು. ಅಷ್ಟರಲ್ಲಿ ಪ್ರೇಮಾವತಿ ಇರಲಿಲ್ಲ.

"ನಾನು ಕೆಟ್ಟ ತಾಯಿ ಆಗಿದ್ದಿದ್ರೆ ಅವಳು ಬದುಕ್ತಿದ್ದಳು" ಎನ್ನುತ್ತಾರೆ ಶಂಕರಿಯಕ್ಕ. ಅಳುವುದಿಲ್ಲ, ಅಡಿಕೆ ಕತ್ತರಿಸುತ್ತಾ ಹೇಳುತ್ತಾರೆ. "ಒಲೆ ಮೇಲೆ ಹಾಲಿಟ್ಟು ಮರೆತು, ಹರಟೆ ಹೊಡೀಲಿಕ್ಕೆ ಹೋಗುವವರು ಇರ್ತಾರಲ್ಲ, ಅಂಥವಳಾಗಿದ್ದಿದ್ರೆ ಹಾಲು ಕುದೀತಿತ್ತು. ನಾನು ಅಲ್ಲೇ ಕೂತು ಕಾದೆ."

ಬೊಳ್ಳಿ ಅದೇ ತಿಂಗಳಲ್ಲಿ ಸತ್ತಿತು. ಅಲ್ಲಿಯವರೆಗೂ ಶಂಕರಿಯಕ್ಕನೇ ಅದರ ಮೊಲೆ ಹಿಂಡಿ ಹಿಂಡಿ ಚೆಲ್ಲಿದರು. ಅದರ ಮೇಲೆ ಸಿಟ್ಟು ಬರಲಿಲ್ಲವೇ ಎಂದರೆ, "ಅದೆಂತ ಮಾಡಿತು, ಪಾಪ" ಎನ್ನುತ್ತಾರೆ. ಆಮೇಲೆ ಪಕ್ಕದ ಮನೆಯ ದನಕ್ಕೆ ಬಾವು ಬಂದಾಗ ಕರೆಯದೆಯೇ ಹೋದರು. ಆ ಮನೆಯಲ್ಲೂ ಸಣ್ಣ ಮಕ್ಕಳಿದ್ದರು. ಈ ಕಸುಬು ಶುರುವಾದದ್ದು ಹೀಗೆ.

ಪೋಕರ್ ಬ್ಯಾರಿಗಳ ಅಂಗಳಕ್ಕೆ ಹಿಂತಿರುಗೋಣ. ಬಿಸಿಲು ಬಂದಿದೆ. ಗುಂಡಿ ಮುಚ್ಚಿ, ಬೂದಿ ಹಾಕಿ ಕೈ ಉಜ್ಜಿ ತೊಳೆದು ಶಂಕರಿಯಕ್ಕ ಜಗಲಿಯ ಮೆಟ್ಟಿಲಲ್ಲಿ ಕುಳಿತಿದ್ದಾರೆ. ತುಳು, ಬ್ಯಾರಿ, ಕನ್ನಡ ಮೂರನ್ನೂ ಕಲೆಸಿಕೊಂಡು ಅವರೂ ನೆಬೀಸಮ್ಮನೂ ಮಾತಾಡುತ್ತಿದ್ದಾರೆ. ಊಟದ ಮಾತು, ಚಳಿಯ ಮಾತು. ನಡುವೆ ಏನೂ ಇಲ್ಲದವರ ಹಾಗೆ ಶಂಕರಿಯಕ್ಕ ಒಂದು ಪ್ರಶ್ನೆ ಹಾಕುತ್ತಾರೆ.

"ನೆಬೀಸಮ್ಮ, ನಿನ್ನೆಯ ಮೊಸರು ಸ್ವಲ್ಪ ಉಂಟಾ? ಗಂಜಿಗೆ ಬೇಕಿತ್ತು."

"ಮೊಸರಿನ ಸುದ್ದಿ ತೆಗೀಬೇಡ ಮಾರಾಯ್ತಿ. ಎರಡು ದಿನದಿಂದ ಹೆಪ್ಪೇ ಹಿಡಿಯುದಿಲ್ಲ. ಹಾಲು ಹಾಲಾಗಿಯೇ ಉಂಟು. ಯಾರ ಕಣ್ಣು ಬಿತ್ತೋ ಎಂತದೋ."

ಹೇಳಿದ ಮೇಲೆ ನೆಬೀಸಮ್ಮ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಶಂಕರಿಯಕ್ಕ ಬರುವ ಮೊದಲು, ಮಬ್ಬುಗತ್ತಲಲ್ಲಿ, ಒಳ್ಳೆಯ ಮೂರು ಮೊಲೆಗಳ ಹಾಲನ್ನು ನೆಬೀಸಮ್ಮ ಗುಟ್ಟಾಗಿ ಕರೆದಿಡುತ್ತಿದ್ದರು. ಈ ದನಕ್ಕೂ ಡಾಕ್ಟ್ರ ಟ್ಯೂಬು ಹಾಕಿ ಆಗಿತ್ತು. ಮದ್ದು ಹಾಕಿದ ದನದ ಹಾಲಿನಲ್ಲಿ ಮದ್ದು ಸೇರಿರುತ್ತದೆ. ಅಂಥ ಹಾಲಿಗೆ ಎಷ್ಟು ಹೆಪ್ಪು ಹಾಕಿದರೂ ಅದು ಮೊಸರಾಗುವುದಿಲ್ಲ. ದನದ ಡಾಕ್ಟ್ರು ಯಾವಾಗಲೋ ಹೇಳಿದ ಈ ಮಾತನ್ನು ಶಂಕರಿಯಕ್ಕ ಗಂಟು ಕಟ್ಟಿಕೊಂಡಿದ್ದಾರೆ. ಯಾವ ಮನೆಯಲ್ಲಿ ಹಾಲು ಚೆಲ್ಲದೆ ಒಳಗಿಡುತ್ತಾರೆ ಎಂದು ತಿಳಿಯಬೇಕಾದರೆ ಅವರು ಮೊಸರು ಕೇಳುತ್ತಾರೆ.

"ಮಗುವಿಗೂ ಅದನ್ನೇ ಕೊಟ್ರಾ?"

ಒಳಗಿನಿಂದ ಮುನೀರಾ ಹೇಳುತ್ತಾಳೆ, "ಮತ್ತೆಂತ ಕೊಡುದು ಅಕ್ಕ? ನನ್ನಲ್ಲಿಲ್ಲ. ನಿನ್ನೆಯಿಂದ ಮಗು ನೀರಿನ ಹಾಗೆ ಹೋಗ್ತಾ ಉಂಟು."

ಶಂಕರಿಯಕ್ಕ ಎದ್ದು ನಿಲ್ಲುತ್ತಾರೆ. ಹಾಲು ಕುದಿಸಿದ್ದೀರಾ ಎಂದು ಕೇಳುತ್ತಾರೆ. ಕಾಸಿದ್ದೇವೆ ಎಂಬ ಉತ್ತರ ಬರುತ್ತದೆ. ಮದ್ದು ಪೂರ್ತಿ ಹಾಕಿದ್ದೀರಾ ಎಂದು ಕೇಳುತ್ತಾರೆ. ಪೋಕರ್ ಬ್ಯಾರಿಗಳು, ಒಳ್ಳೆಯದೇ ಮಾಡಿದ್ದೇವೆಂಬ ಮುಖದಲ್ಲಿ, ಗಾಂಧಿ ಶತಾಬ್ದಿಯ ಕ್ಯಾಲೆಂಡರಿನ ಪಕ್ಕದ ಗೋಡೆಗೂಡಿಗೆ ಕೈಹಾಕಿ ಒಂದು ಪೊಟ್ಟಣ ತೆಗೆದು ತೋರಿಸುತ್ತಾರೆ.

"ಅರ್ಧ ಉಂಟು ಶಂಕರಿ. ಹಾಳು ಮಾಡ್ಲಿಲ್ಲ."

ಬಾಳೆಲೆಯ ಪೊಟ್ಟಣ, ಮೇಲೆ ಬಾಳೆನಾರಿನ ಗಂಟು. ಶಂಕರಿಯಕ್ಕ ಅದನ್ನು ಕೈಗೆ ತೆಗೆದುಕೊಂಡು ಹಾಗೇ ನೆಲಕ್ಕೆ ಕೂರುತ್ತಾರೆ. ಇಷ್ಟು ವರ್ಷ ಊರೂರು ತಿರುಗಿ ಹೇಳಿದ್ದು ಪಕ್ಕದ ಪೇಟೆಗೂ ಮುಟ್ಟಲಿಲ್ಲವಲ್ಲ ಎಂಬ ದುಃಖ ಒಂದು. ಅದಕ್ಕಿಂತ ದೊಡ್ಡದು, ಆ ಗಂಟು ಥೇಟ್ ಕಿಟ್ಟಣ್ಣ ಕಟ್ಟಿದ ಗಂಟಿನ ಹಾಗೆಯೇ ಇದೆ. ಬಡವರ ಮನೆಯಾಗಲಿ, ಅಂಗಡಿಯವರ ಮನೆಯಾಗಲಿ, ಬೆಲೆಯುಳ್ಳದ್ದನ್ನು ಎತ್ತಿಡುವ ಕೈಗಳು ಒಂದೇ ನಮೂನೆ.

ಬೈಯುತ್ತಾರೆಂದು ಎಲ್ಲರೂ ಕಾಯುತ್ತಾರೆ. ಅವರು ಬೈಯುವುದಿಲ್ಲ. ನೆಬೀಸಮ್ಮನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಪ್ರೇಮಾವತಿಯ ಸುದ್ದಿ ಹೇಳುತ್ತಾರೆ. ಅಷ್ಟೂ ಹೇಳುತ್ತಾರೆ. ಮುಗಿಯುವಾಗ ಮುನೀರಾ ಬಾಗಿಲಿಗೆ ಬಂದು ನಿಂತಿರುತ್ತಾಳೆ, ಮಗುವನ್ನು ಎದೆಗೆ ಅವುಚಿಕೊಂಡು. ನೆಬೀಸಮ್ಮ ಎದ್ದು ಒಳಗೆ ಹೋಗಿ, ಇದ್ದ ಹಾಲಿನ ತಂಬಿಗೆಯನ್ನು ತಂದು, ಈ ಸಲ ಮುಖ ತಿರುಗಿಸದೆ, ತಾವೇ ಗುಂಡಿಗೆ ಸುರಿಯುತ್ತಾರೆ. ಬೂದಿಯ ಗೆರಟೆಯನ್ನು ಮಾತ್ರ ಶಂಕರಿಯಕ್ಕ ಹಿಡಿಯುತ್ತಾರೆ.

ಪೋಕರ್ ಬ್ಯಾರಿಗಳು ಮುನೀರಾಳನ್ನೂ ಮಗುವನ್ನೂ ಪುತ್ತೂರಿನ ಬಸ್ಸು ಹತ್ತಿಸಿಕೊಂಡು ಹೋದರು. ದನಕ್ಕೂ ಮಗುವಿಗೂ ಏನೇನು ಮದ್ದಾಗಿದೆ ಎಂದು ಡಾಕ್ಟ್ರಿಗೆ ಒಂದೂ ಬಿಡದೆ ಹೇಳಬೇಕು ಎಂದು ಶಂಕರಿಯಕ್ಕ ರಸ್ತೆಯವರೆಗೆ ಹಿಂದೆಯೇ ಹೋಗಿ ಹೇಳಿದರು. ದನದ ಡಾಕ್ಟ್ರಿಗೂ ಸುದ್ದಿ ಹೋಯಿತು. ಅವರು ಬಂದು ನೋಡಿ, ಈ ಮದ್ದು ಇನ್ನು ಈ ದನಕ್ಕೆ ಹತ್ತುವ ಹಾಗೆ ಕಾಣುವುದಿಲ್ಲ, ಬೇರೆ ತರಿಸುತ್ತೇನೆ, ಮೊಲೆ ಉಳಿದರೆ ಪುಣ್ಯ ಎಂದರು.

ಸಂಜೆ ಮಗು ಬಂತು. ಡಾಕ್ಟ್ರು ಮದ್ದು ಕೊಟ್ಟಿದ್ದಾರೆ, ಇನ್ನೆರಡು ದಿನ ಕಳೆಯದೆ ಏನೂ ಹೇಳಲಾಗದು ಎಂದಿದ್ದಾರೆ. ಹಾಲು ಬೇರೆ ದನದ್ದೇ ಆಗಬೇಕು. ಬೇಲಿಯಾಚೆ ತೋಟದ ಮನೆಯ ವಸುಮತಿಯಮ್ಮನಿಗೆ ಕರೆಯುವ ದನ ಇದೆ. ಕೇಳಲು ಹೋದದ್ದು ಶಂಕರಿಯಕ್ಕ. ವಸುಮತಿಯಮ್ಮ ಇಲ್ಲವೆನ್ನಲಿಲ್ಲ. ಬೇಲಿಯವರೆಗೆ ಬಂದು, ನೆಬೀಸಮ್ಮನ ಪಾತ್ರೆಗೆ ಮೇಲಿಂದ ಹಾಲು ಎರೆದು, ಒಂದೇ ಒಂದು ಷರತ್ತು ಹಾಕಿದರು.

"ಮಗುವಿಗೆ ಎಷ್ಟು ಬೇಕೋ ಅಷ್ಟು ತಕೊಳ್ಳಿ. ಉಕ್ಕಿಸಿ ಒಲೆಗೆ ಮಾತ್ರ ಬೀಳಿಸ್ಬೇಡಿ. ನನ್ನ ದನ ಈಗಷ್ಟೇ ಕರು ಹಾಕಿದ್ದು."

ನೆಬೀಸಮ್ಮ ಹೂಂ ಎಂದರು. ಶಂಕರಿಯಕ್ಕ ಒಲೆಯ ಮೇಲೆ ಹಾಲಿಟ್ಟು ಮುಂದೆಯೇ ಕುಳಿತರು. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಬಂದಾಗ ನೆಬೀಸಮ್ಮ ಬಟ್ಟೆ ಹಿಡಿದು ಇಳಿಸಲು ಬಂದರು. ಶಂಕರಿಯಕ್ಕ ಆ ಕೈಯನ್ನು ತಡೆದರು.

"ಮಾತು ಕೊಟ್ಟು ತಂದ ಹಾಲು ಶಂಕರಿ" ಎಂದರು ನೆಬೀಸಮ್ಮ ಗಾಬರಿಯಿಂದ. "ಉಕ್ಕದ ಹಾಗೆ ಕುದಿಸು. ಬೆಂಕಿ ಕಮ್ಮಿ ಮಾಡು."

"ಇವತ್ತು ಉಕ್ಕದ ಹಾಗೆ ಅಂತೀರಿ. ನಾಳೆ ನಾನಿರುದಿಲ್ಲ. ನಾಳೆ ಗುಳ್ಳೆ ಬರುವಾಗ ಇಳಿಸ್ತೀರಿ, ನಾಡಿದ್ದು ಆವಿ ಬರುವಾಗ ಇಳಿಸ್ತೀರಿ. ನನಗೆ ಗೊತ್ತುಂಟು. ಉಕ್ಕಲಿ ಬಿಡಿ."

ಹಾಲು ಏರಿತು. ಕೆನೆಯನ್ನು ಎತ್ತಿಕೊಂಡು ಪಾತ್ರೆಯ ಬಾಯಿಯವರೆಗೆ ಬಂದು, ಸುತ್ತಲೂ ಇಳಿದು, ಕೆಂಡಕ್ಕೆ ಬಿದ್ದು ಚುರ್ರೆಂದಿತು. ನೆಬೀಸಮ್ಮ ಕಣ್ಣು ಮುಚ್ಚಿಕೊಂಡರು. ಸುಟ್ಟ ಹಾಲಿನ ವಾಸನೆ ಅಡುಗೆಮನೆ ತುಂಬಿ, ಹಿತ್ತಲು ದಾಟಿ, ಬೇಲಿಯಾಚೆಗೂ ಹೋಯಿತು.

ಬೇಲಿಯ ಹತ್ತಿರ ವಸುಮತಿಯಮ್ಮ ಬಂದು ನಿಂತರು. "ಉಕ್ಕಿತಾ?"

"ಉಕ್ಕಿತು ಅಮ್ಮ. ನಾನೇ ಉಕ್ಕಿಸಿದ್ದು. ಬೈಯುದಾದ್ರೆ ನನಗೆ ಬೈಯಿರಿ, ಮಗುವಿನ ಹಾಲು ನಿಲ್ಲಿಸ್ಬೇಡಿ. ಹೊಸ ಮನೆ ಒಕ್ಕಲಾಗುವಾಗ ನೀವೇ ಹಾಲು ಉಕ್ಕಿಸ್ಲಿಲ್ವಾ? ಅವತ್ತು ಯಾವ ದನದ ಕೆಚ್ಚಲು ಸುಟ್ಟಿತು?"

ವಸುಮತಿಯಮ್ಮ ನೇರ ತಮ್ಮ ಹಟ್ಟಿಗೆ ಹೋದರು. ದನದ ಪಕ್ಕ ಬಗ್ಗಿ ಕೆಚ್ಚಲನ್ನು ಮುಟ್ಟಿ ಮುಟ್ಟಿ ನೋಡುವುದು ಈಚೆಯಿಂದ ಕಾಣುತ್ತಿತ್ತು. ನಾಳೆ ಹಾಲು ಬರುತ್ತದೋ ಇಲ್ಲವೋ ಎಂದು ಆ ರಾತ್ರಿ ಪೋಕರ್ ಬ್ಯಾರಿಗಳ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಶಂಕರಿಯಕ್ಕ ಡಾಮರಿನ ಪಾತ್ರೆ ಹಿಡಿದು ಬರುವಾಗ ಬೇಲಿಯ ಮೇಲೆ ತಂಬಿಗೆ ಇತ್ತು. ಬಾಳೆಲೆ ಮುಚ್ಚಿದ, ಇನ್ನೂ ಬೆಚ್ಚಗಿದ್ದ ಹಾಲು. ವಸುಮತಿಯಮ್ಮ ಅಲ್ಲಿರಲಿಲ್ಲ. ಆಮೇಲಿನ ದಿನಗಳಲ್ಲೂ ತಂಬಿಗೆ ತಪ್ಪಲಿಲ್ಲ.

ಕಂದು ದನದ ಆ ಮೊಲೆ ಉಳಿಯಲಿಲ್ಲ, ಬತ್ತಿಹೋಯಿತು. ಮುನೀರಾಳ ಮಗುವಿನ ಭೇದಿ ನಿಂತಿದೆ. ಮೈ ಇನ್ನೂ ಹಿಡಿದಿಲ್ಲ. ನೆಬೀಸಮ್ಮ ಒಮ್ಮೆ ಅದನ್ನು ಶಂಕರಿಯಕ್ಕನ ಮಡಿಲಿಗೆ ಹಾಕಲು ಹೋದರು. "ಬೇಡ, ನನ್ನ ಕೈಯಲ್ಲಿ ದನದ ವಾಸನೆ" ಎಂದು ಅವರು ಹಿಂದೆ ಸರಿದರು. ಎಷ್ಟು ಉಜ್ಜಿ ತೊಳೆದರೂ ಅವರಿಗೆ ತಮ್ಮ ಕೈ ಶುದ್ಧವಾಯಿತು ಎನಿಸುವುದಿಲ್ಲ. ದೂರದಿಂದಲೇ ಮಗುವನ್ನು ನೋಡಿ, ಮುಂದಿನ ಮನೆಗೆ ಹೊರಟರು.

ದಾರಿಯುದ್ದಕ್ಕೂ ಮನೆಗಳ ಅಡುಗೆಮನೆಯಿಂದ ಹೊಗೆ ಏಳುತ್ತಿದೆ. ಮಕ್ಕಳಿರುವ ಮನೆ ಬಂದಾಗ ಶಂಕರಿಯಕ್ಕನ ನಡಿಗೆ ನಿಧಾನವಾಗುತ್ತದೆ, ಮೂಗು ಅರಳುತ್ತದೆ. ನಿಮಗೇನಾದರೂ ಆಸೆ ಉಂಟೇ ಎಂದು ಕೇಳಿದ್ದಕ್ಕೆ ಅಲ್ಲಿಯೇ ನಿಂತು ಉತ್ತರ ಹೇಳುತ್ತಾರೆ.

"ನನಗೆಂತ ಆಸೆ? ಹೀಗೆ ಹೋಗುವಾಗ ಸಣ್ಣ ಮಕ್ಕಳಿರುವ ಮನೆಯಿಂದ ಹಾಲು ಉಕ್ಕಿ ಸುಟ್ಟ ವಾಸನೆ ಬಂದ್ರೆ ಸಾಕು. ಅಷ್ಟಾದ್ರೆ ನನಗೆ ಆ ದಿನ ಊಟ ಸೇರ್ತದೆ." ಪಾತ್ರೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾರೆ.

"ನನ್ನ ಒಲೆ ನೋಡ್ಬೇಕಿತ್ತು ನೀವು. ಪ್ರೇಮ ಇರುವಷ್ಟು ದಿನ ಒಂದು ತೊಟ್ಟು ಹಾಲು ಬೀಳ್ಲಿಲ್ಲ ಅದಕ್ಕೆ. ಅಷ್ಟು ಚೊಕ್ಕ ಇತ್ತು."